ಮುಂದಿನ ಕುರ್ಚಿ

ಶೋಕಸಭೆಯ ಬ್ಯಾನರಿನ ಮೇಲೆ ಅಕ್ಕನ ಫೋಟೋ ಇತ್ತು. ಕೆಳಗೆ ದಪ್ಪ ಅಕ್ಷರದಲ್ಲಿ, ಕನ್ನಡದಲ್ಲೊಮ್ಮೆ ಮರಾಠಿಯಲ್ಲೊಮ್ಮೆ, ‘ನಿರ್ಭೀತ ಸಮಾಜಸೇವಕಿ’ ಎಂದು ಹಾಕಿಸಿದ್ದರು. ಬ್ಯಾನರ್ ಪ್ರಿಂಟ್ ಮಾಡುವವನ ಹತ್ತಿರ ಇಂಥ ನಾಲ್ಕೈದು ಮಾತುಗಳು ತಯಾರಿರುತ್ತವೆ. ಸತ್ತವರ ಫೋಟೋ ಕೊಟ್ಟರೆ ಒಂದನ್ನು ಅಂಟಿಸಿ ಕೊಡುತ್ತಾನೆ. ಗೊತ್ತಿದ್ದೂ ನನಗೆ ಸಿಟ್ಟು ಬಂತು. ಅಕ್ಕನಷ್ಟು ಹೆದರುತ್ತಿದ್ದ ಹೆಂಗಸನ್ನು ಈ ಮುಂಬಯಿಯ ಮೂವತ್ತು ವರ್ಷಗಳಲ್ಲಿ ನಾನು ಕಂಡಿಲ್ಲ. ಆ ಹೆದರಿಕೆಯನ್ನು ಹತ್ತಿರದಿಂದ ನೋಡಿದವನು ನಾನು. ಅದನ್ನು ಅಳಿಸಿ ಇನ್ನೇನನ್ನೋ ಬರೆದರೆ ಅಲ್ಲಿ ಅಕ್ಕನೇ ಉಳಿಯುವುದಿಲ್ಲ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬದುಕಿದ್ದಾಗ ಒಮ್ಮೆ ಯಾವುದೋ ಮರಾಠಿ ಪೇಪರಿನಲ್ಲಿ ಹೆಸರು ಬಂದಿದ್ದಕ್ಕೆ ಎರಡು ದಿನ ಸರಿಯಾಗಿ ಊಟ ಮಾಡಿರಲಿಲ್ಲ. ಕುರ್ಲಾದ ನಾಲಾ, ಆ ದೊಡ್ಡ ಮೋರಿಯ ಪಕ್ಕದ ನಮ್ಮ ಮನೆಸಾಲಿನಲ್ಲಿ ಅವರು ಕನ್ನಡದವರಿಗೆ ಅಕ್ಕ, ಮರಾಠಿಯವರಿಗೆ ತಾಈ, ಉಳಿದವರಿಗೆ ದೀದಿ. ವಿಜಯಪುರದ ಕಡೆಯವರು. ಗಂಡ ಲೇತ್ ವರ್ಕ್‌ಶಾಪಿನಲ್ಲಿ ಕೆಲಸ ಮಾಡುತ್ತಿದ್ದು, ಚಿಕ್ಕ ವಯಸ್ಸಿಗೇ ತೀರಿಕೊಂಡಿದ್ದರು. ಮಕ್ಕಳಿರಲಿಲ್ಲ. ನಾನು ತುಮಕೂರಿನ ಕಡೆಯವನು, ಗ್ರಾಂಟ್ ರೋಡಿನ ಒಂದು ಔಷಧಿ ಕಂಪನಿಯಲ್ಲಿ ಗುಮಾಸ್ತನಾಗಿದ್ದೆ. ಜೇಬಿನಲ್ಲಿ ಪೆನ್ನು ಇಟ್ಟುಕೊಳ್ಳುತ್ತಿದ್ದೆ ಎಂಬ ಒಂದೇ ಕಾರಣಕ್ಕೆ ಅಕ್ಕ ನನ್ನನ್ನು ಮಾಸ್ತರ್ ಎಂದು ಕರೆದರು. ಸಾಲಿಗೆ ಸಾಲೇ ಹಾಗೆ ಕರೆಯತೊಡಗಿತು. ಜೀವಮಾನದಲ್ಲಿ ಒಂದು ಮಗುವಿಗೂ ನಾನು ಪಾಠ ಹೇಳಿದವನಲ್ಲ.

ಅಕ್ಕನಿಗೆ ನಾಯಿಗಳೆಂದರೆ ಹೆದರಿಕೆ. ಅವರ ಬ್ಯಾಗಿನಲ್ಲಿ ಗುಳಿಗೆಗಳ ಜೊತೆ ಒಂದು ಗ್ಲುಕೋಸ್ ಬಿಸ್ಕತ್ತಿನ ಪೊಟ್ಟಣ ಯಾವಾಗಲೂ ಇರುತ್ತಿತ್ತು, ಗಲ್ಲಿಯ ನಾಯಿಗಳ ಬಾಯಿ ಮುಚ್ಚಿಸುವುದಕ್ಕೆ. ಲಿಫ್ಟ್ ಎಂದರೆ ಹೆದರಿಕೆ. ವಾರ್ಡ್ ಆಫೀಸಿನ ನಾಲ್ಕನೇ ಮಹಡಿಗೆ ಏದುಸಿರು ಬಿಡುತ್ತ ಮೆಟ್ಟಿಲು ಹತ್ತುತ್ತಿದ್ದರು, ನಾವೂ ಹಿಂದೆ ಹತ್ತಬೇಕಿತ್ತು. ಪೊಲೀಸರನ್ನು ಕಂಡರಂತೂ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ, ಬಿಚ್ಚಿ, ಮತ್ತೆ ಸುತ್ತಿ, ಆ ಬೆರಳು ಕೆಂಪಾಗುವವರೆಗೂ ಬಿಡುತ್ತಿರಲಿಲ್ಲ. ಯಾವ ಆಫೀಸಿಗೆ ಹೊರಡುವುದಿದ್ದರೂ ಮೊದಲು ಮೂರು ಸಲ ಸಂಡಾಸಿಗೆ ಹೋಗಿ ಬರುತ್ತಿದ್ದರು. ನಮ್ಮ ಸಾಲಿಗೆ ಇದ್ದಿದ್ದು ಸಾರ್ವಜನಿಕ ಸಂಡಾಸು. ಅಕ್ಕ ಮೂರನೇ ಸಲ ಡಬ್ಬಿ ಹಿಡಿದು ಹೋದರೆಂದರೆ ಇವತ್ತು ದೊಡ್ಡ ಕೆಲಸವಿದೆ ಎಂದು ಎಲ್ಲರಿಗೂ ತಿಳಿಯುತ್ತಿತ್ತು. ಆಫೀಸಿನೊಳಗೆ ಕಾಲಿಟ್ಟ ಕೂಡಲೇ ಅವರು ಪ್ಯೂನನ್ನು ಕೇಳುತ್ತಿದ್ದ ಮೊದಲ ಪ್ರಶ್ನೆ ಸಾಹೇಬರು ಇದ್ದಾರೆಯೇ ಎಂದಲ್ಲ, ಹಿಂದಿನ ಬಾಗಿಲು ಎಲ್ಲಿದೆ ಎಂದು.

“ಯಾಕಕ್ಕ, ಓಡೋಕಾ?” ಎಂದು ನಾನು ಛೇಡಿಸುತ್ತಿದ್ದೆ.

“ಹೌದ್ರಿ ಮಾಸ್ತರ್ರ, ಓಡಾಕ. ದಾರಿ ಐತಿ ಅಂತ ಗೊತ್ತಾದ್ರ ಕುಂದ್ರಾಕ ಆಕೈತಿ. ಇಲ್ಲಂದ್ರ ನನಗ ಕುಂದ್ರಾಕೂ ಆಗೂದಿಲ್ಲ.”

ಇಂಥವರು ಸಮಾಜಸೇವೆಗೆ ಬಂದಿದ್ದು ಹೇಗೆ ಎಂದು ಕೇಳಿದರೆ, ಹೆದರಿಕೆಯಿಂದಲೇ ಬಂದರು ಎನ್ನಬೇಕು. ಮದುವೆಯಾಗಿ ಬಂದ ಮೊದಲ ಎರಡು ವರ್ಷ ಅಕ್ಕ ನೀರಿನ ನಲ್ಲಿ ಬಿಟ್ಟು ಮುಂದಕ್ಕೆ ಹೋದವರಲ್ಲವಂತೆ. ಒಂದು ದಿನ ಪಕ್ಕದ ಮನೆಯ ಮೆಹಬೂಬಿಯ ಕೂಸಿಗೆ ಮೈ ಕಾದು ಕಣ್ಣು ಮೇಲಾಯಿತು. ಮೆಹಬೂಬಿಯೂ ಆ ಕಡೆಯವಳೇ, ಇಂಡಿ ತಾಲ್ಲೂಕಿನ ಹಳ್ಳಿಯವಳು, ಅಗರಬತ್ತಿ ಹೊಸೆಯುತ್ತಿದ್ದಳು. ದೊಡ್ಡ ಆಸ್ಪತ್ರೆಗೆ ಒಬ್ಬಳೇ ಹೋಗಲು ಹೆದರಿ ಅಳುತ್ತ ಕೂತಿದ್ದಳು. ಅಕ್ಕ ಅವಳ ಕೈ ಹಿಡಿದುಕೊಂಡು ಹೋದರು. “ನಾ ಅಕಿ ಸಲುವಾಗಿ ಹೋಗಲಿಲ್ರಿ,” ಎಂದು ಎಷ್ಟೋ ವರ್ಷದ ಮೇಲೆ ನನಗೆ ಹೇಳಿದ್ದರು. “ಅಕಿ ಅಳೂದು ಕೇಳಿಕೋಂತ ಮನ್ಯಾಗ ಕುಂದ್ರಾಕ ಹೆದರಿಕಿ ಬಂತು. ಅದಕಿಂತ ಆಸ್ಪತ್ರಿ ಹೆದರಿಕಿನ ಸಣ್ಣದು ಅನಿಸ್ತು.”

ಕೂಸು ಉಳಿಯಿತು. ಆ ಸಂದರ್ಭದಲ್ಲಿ ಪರಿಚಯವಾದ ನರ್ಸೊಬ್ಬಳು ಇವರನ್ನು ನಮ್ಮ ಬಸ್ತಿಯ, ಅಂದರೆ ಜೋಪಡಿಪಟ್ಟಿಯ, ಆರೋಗ್ಯ ಕೇಂದ್ರದ ಸೇವಿಕೆಯನ್ನಾಗಿ ಮಾಡಿಸಿದಳು. ಕೊರಳಿಗೆ ಒಂದು ಬಿಲ್ಲೆ, ಹೆಗಲಿಗೆ ಒಂದು ಬ್ಯಾಗು, ಕೈಗೊಂದು ಸೀಮೆಸುಣ್ಣ. ಪೋಲಿಯೋ ಹನಿ ಹಾಕಿದ ಮನೆಯ ಬಾಗಿಲಿಗೆ ಗುರುತು ಬರೆಯಬೇಕು. ಕ್ಷಯದವರ ಮನೆಗೆ ಹೋಗಿ ತಮ್ಮ ಕಣ್ಣೆದುರಿಗೇ ಗುಳಿಗೆ ನುಂಗಿಸಬೇಕು. ಹೀಗೆ ಬಾಗಿಲಿಂದ ಬಾಗಿಲಿಗೆ ನಡೆದು ನಡೆದು, ಯಾವ ಬಾಗಿಲ ಹಿಂದೆ ಎಷ್ಟು ಜನ, ಯಾರ ಮನೆಯಲ್ಲಿ ಯಾರಿಗೆ ಏನು ತೊಂದರೆ, ಎಲ್ಲ ಅವರ ಬಾಯಿಗೆ ಬಂತು. ಗುಳಿಗೆ ಕೊಟ್ಟು ಹೊರಡುವಾಗ ರೇಷನ್ ಕಾರ್ಡಿನ ಮಾತು ಬರುತ್ತಿತ್ತು, ನೀರಿನ ಮಾತು ಬರುತ್ತಿತ್ತು, ಕುಡಿದು ಹೊಡೆಯುವ ಗಂಡನ ಮಾತು ಬರುತ್ತಿತ್ತು. ಅಕ್ಕ ಅವನ್ನೆಲ್ಲ ಹೊತ್ತುಕೊಂಡು ನನ್ನ ಬಾಗಿಲಿಗೆ ಬರುತ್ತಿದ್ದರು. ನಾನು ಆಫೀಸಿನಲ್ಲಿ ಕಲಿತ ಮರಾಠಿಯಲ್ಲಿ ಅರ್ಜಿ ಬರೆದುಕೊಡುತ್ತಿದ್ದೆ. ಕೆಳಗೆ ಸಹಿ ಅವರದು. ನನ್ನ ಹೆಸರು ಎಲ್ಲಿಯೂ ಬರದಂತೆ ನಾನು ನೋಡಿಕೊಳ್ಳುತ್ತಿದ್ದೆ.

ಅರ್ಜಿ ಕೊಡಲು ಹೋಗುವಾಗ ಅಕ್ಕನದು ಒಂದು ಪದ್ಧತಿ. ಐದಾರು ಜನರನ್ನು ಜೊತೆಗೆ ಒಯ್ಯುತ್ತಿದ್ದರು. ನಮ್ಮ ಸಾಲಿನಲ್ಲಿ ಗಂಟಲು ದೊಡ್ಡದಿದ್ದವರಿಗೇನೂ ಕೊರತೆಯಿರಲಿಲ್ಲ, ಆದರೆ ಅವರನ್ನು ಹಿಂದೆ ನಿಲ್ಲಿಸುತ್ತಿದ್ದರು. ಸಾಹೇಬರ ಮೇಜಿನ ಮುಂದೆ ಇರುತ್ತಿದ್ದುದು ಎರಡು ಕುರ್ಚಿ. ಒಂದರ ತುದಿಯಲ್ಲಿ, ಯಾವ ಗಳಿಗೆಯಲ್ಲಾದರೂ ಎದ್ದು ಓಡುವವರ ಹಾಗೆ, ಅಕ್ಕ ಕೂರುತ್ತಿದ್ದರು. ಇನ್ನೊಂದರಲ್ಲಿ ಕೂರುವವರನ್ನು ಅವರೇ ಆರಿಸುತ್ತಿದ್ದರು. ನೀರಿನ ಲೈನಿನ ವಿಷಯಕ್ಕೆ ಹೋದಾಗ ಒಬ್ಬ ಮುದುಕಿಯನ್ನು ಕೂರಿಸಿದ್ದರು. ಅವಳಿಗೆ ಬಾಯಿಂದ ಒಂದು ಮಾತು ಬರಲಿಲ್ಲ, ನಡುಗುತ್ತ ಕೂತಿದ್ದಳು. ಹೊರಗೆ ಬಂದ ಮೇಲೆ ನಾನು, ಮಾತು ಬಲ್ಲವರನ್ನು ಕೂರಿಸಬಹುದಿತ್ತಲ್ಲ ಎಂದೆ.

“ಮಾತು ಬಲ್ಲವರು ಬಾಯಿ ತಗದ್ರ ಸಾಹೇಬಗ ಜಗಳಾ ಕೇಳಸ್ತೈತ್ರಿ,” ಎಂದರು ಅಕ್ಕ. “ಹೆದರಿದವರು ಎದುರಿಗೆ ಕುಂತ್ರ ಅವನೂ ಮನಶ್ಯಾನ ಅದಾನ, ಒಂದೀಟು ನಾಚಿಕಿ ಬರ್ತೈತಿ. ಮತ್ತ ನನಗೂ ಅನುಕೂಲ. ಅವರ ಕೈ ಹಿಡಕೊಂಡು ಕುಂತ್ರ ನನ್ನ ಕೈ ನಡಗೂದು ಯಾರಿಗೂ ಕಾಣೂದಿಲ್ಲ.”

ಆಮೇಲೆ ಬರಬರುತ್ತ ಆ ಎರಡನೇ ಕುರ್ಚಿ ನನ್ನದಾಯಿತು. ಅರ್ಜಿ ಬರೆದವನು, ಓದಿದವನು, ಸಾಹೇಬರು ಏನಾದರೂ ಇಂಗ್ಲಿಷಿನಲ್ಲಿ ಕೇಳಿದರೆ ಉತ್ತರ ಹೇಳುವವನು. ಹೀಗೆಂದು ನಾನು ತಿಳಿದಿದ್ದೆ. ಒಂದು ಬಗೆಯ ಜಂಬವೂ ಇತ್ತು. ಅಕ್ಕನ ತಣ್ಣಗಿನ ಕೈ ನನ್ನ ಮಣಿಕಟ್ಟಿನ ಮೇಲೆ ಬಂದು ಕೂತಾಗ, ಪಾಪ, ಹೆಂಗಸು, ಧೈರ್ಯಕ್ಕೆ ಹಿಡಿದುಕೊಂಡಿದ್ದಾರೆ ಎಂದುಕೊಳ್ಳುತ್ತಿದ್ದೆ.

ಈಗ ನಂಬರಿನ ವಿಷಯ ಬರೆಯಬೇಕು. ಇಷ್ಟು ವರ್ಷ ಇದನ್ನು ಯಾರ ಮುಂದೆಯೂ ಹೇಳಿರಲಿಲ್ಲ.

ನಮ್ಮ ಬಸ್ತಿಯ ಜಾಗದಲ್ಲಿ ಬಿಲ್ಡಿಂಗ್ ಕಟ್ಟಿ, ಇದ್ದವರಿಗೆಲ್ಲ ಅದರಲ್ಲಿ ಒಂದೊಂದು ಮನೆ ಕೊಡುವ ಯೋಜನೆ ಬಂತು. ಅದಕ್ಕೆ ಮೊದಲು ಸರ್ವೆ. ಒಂದು ಶನಿವಾರ ಇಬ್ಬರು ಕೆಂಪು ಬಣ್ಣದ ಡಬ್ಬಿ ಹಿಡಿದು ಬಂದು ಪ್ರತಿ ಬಾಗಿಲ ಮೇಲೂ ಒಂದೊಂದು ನಂಬರು ಬರೆದರು. ದಾರಿ ತೋರಿಸಲು ಅಕ್ಕನನ್ನೇ ಕರೆದುಕೊಂಡಿದ್ದರು. ಆ ಸಂಜೆ ಅಕ್ಕ ತಂಗಿಯ ಮನೆಗೆಂದು ಸೋಲಾಪುರಕ್ಕೆ ಹೋದರು. ನಾನು ಆಫೀಸಿನಿಂದ ಬಂದು ನೋಡಿದರೆ ನನ್ನ ಬಾಗಿಲ ಮೇಲೆ ನೂರಾ ಹದಿನಾಲ್ಕು.

ಆ ಕೆಂಪು ನನಗೆ ಹೊಸದಲ್ಲ. ಮುಂಬಯಿಗೆ ಬಂದ ಹೊಸದರಲ್ಲಿ ನಾನು ರೈಲುಹಳಿಯ ಪಕ್ಕದ ಜೋಪಡಿಯಲ್ಲಿದ್ದೆ. ಅಲ್ಲಿಯೂ ಹೀಗೆಯೇ ಯಾರೋ ಬಂದು ಕೆಂಪು ನಂಬರು ಬರೆದು ಹೋಗಿದ್ದರು. ಎಂಟನೇ ದಿನಕ್ಕೆ ಬುಲ್ಡೋಜರ್ ಬಂತು. ಹೆಂಡತಿಯ ಹೊಲಿಗೆ ಯಂತ್ರ, ಮಗಳ ತೊಟ್ಟಿಲು, ನಮ್ಮಪ್ಪನ ಒಂದೇ ಒಂದು ಫೋಟೋ ಎಲ್ಲ ಮಣ್ಣಿನಡಿ ಹೋದವು. ಆ ದಿನದ ಸದ್ದು ನನ್ನ ಕಿವಿಯಿಂದ ಹೋಗಿಲ್ಲ. ಹಾಗಾಗಿ ಮನೆ ಕೊಡುತ್ತಾರೆಂಬ ಮಾತನ್ನು ನಂಬದೆ, ಭಾನುವಾರ ಬೆಳಿಗ್ಗೆ ನಾನು ಸೀಮೆಎಣ್ಣೆಯಲ್ಲಿ ಬಟ್ಟೆ ಅದ್ದಿ ನನ್ನ ಬಾಗಿಲು ಉಜ್ಜತೊಡಗಿದೆ. ಮೆಹಬೂಬಿ ಬಂದು, ಯಾಕೆ ಎಂದು ಕೇಳಿದಳು.

“ನಂಬರ್ ಹಾಕೋದು ಒಡೆಯೋಕೆ. ನಾನು ನೋಡಿದ್ದೀನಿ. ನಂಬರ್ ಇಲ್ಲದೆ ಇದ್ರೆ ಯಾವ ಮನೆ ಅಂತ ಹೇಗೆ ಒಡೀತಾರೆ? ನೀನೂ ಅಳಿಸು,” ಎಂದೆ.

ಓದಿದವನ ಮಾತು. ಮಧ್ಯಾಹ್ನದ ಹೊತ್ತಿಗೆ ಸಾಲಿಗೆ ಸಾಲೇ ಸೀಮೆಎಣ್ಣೆ ನಾರುತ್ತಿತ್ತು. ಒಂದು ಬಾಗಿಲ ಮೇಲೂ ನಂಬರು ಉಳಿಯಲಿಲ್ಲ.

ಅಕ್ಕ ಮಂಗಳವಾರ ಸಂಜೆ ಬಂದರು. ಖಾಲಿ ಬಾಗಿಲುಗಳನ್ನು ನೋಡುತ್ತ ಸಾಲಿನ ಕೊನೆಯವರೆಗೂ ನಡೆದರು. ವಾಪಸ್ ಬಂದು ನಮ್ಮ ಮೆಟ್ಟಿಲ ಮೇಲೆ ಕುಸಿದರು. ಅವರ ತುಟಿ ಬೆಳ್ಳಗಾಗಿತ್ತು. ಮರುದಿನ ಮಧ್ಯಾಹ್ನ ಫೋಟೋ ತೆಗೆಯುವವರು ಬರುವವರಿದ್ದರು. ಮನೆಯವರೆಲ್ಲ ತಮ್ಮ ನಂಬರಿನ ಬಾಗಿಲ ಮುಂದೆ ನಿಲ್ಲಬೇಕು, ಆ ಫೋಟೋವೇ ದಾಖಲೆ.

“ನಂಬರ್ ಇಲ್ಲಂದ್ರ ಫೋಟೋ ಇಲ್ಲ,” ಎಂದರು ಅಕ್ಕ ಮೆಲ್ಲಗೆ. “ಫೋಟೋ ಇಲ್ಲಂದ್ರ ಪಟ್ಟಿನಾಗ ಹೆಸರಿಲ್ಲ. ಹೆಸರಿಲ್ಲಂದ್ರ ಮನಿ ಇಲ್ರಿ ಮಾಸ್ತರ್ರ. ಇಡೀ ಸಾಲಿಗೆ ಇಲ್ಲ.”

ನನ್ನ ಹೆಂಡತಿ ನನ್ನ ಮುಖ ನೋಡಿದಳು, ಆಮೇಲೆ ನೆಲ ನೋಡಿದಳು. ಅಳಿಸಿ ಎಂದು ಯಾರು ಹೇಳಿದ್ದು ಎಂದು ಅಕ್ಕ ಕೇಳುತ್ತಾರೆ, ಈಗ ಕೇಳುತ್ತಾರೆ, ಎಂದು ಕಾಯುತ್ತ ನಿಂತಿದ್ದೆ. ಅವರು ಕೇಳಲಿಲ್ಲ. ಗಾಬರಿಯಲ್ಲಿ ಹೊಳೆದಿರಲಿಕ್ಕಿಲ್ಲ ಎಂದುಕೊಂಡೆ. ಆ ಗಳಿಗೆಯಲ್ಲಿ ನನಗೆ ಎಷ್ಟು ಸಮಾಧಾನವಾಯಿತೆಂದರೆ, ಅದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೆ ಹೇಸಿಗೆಯಾಗುತ್ತದೆ.

ಬುಧವಾರ ಬೆಳಿಗ್ಗೆ ಅಕ್ಕ ಸ್ಟೇಷನ್ ಹತ್ತಿರದ ಹಾರ್ಡ್‌ವೇರ್ ಅಂಗಡಿಯಿಂದ ಕೆಂಪು ಬಣ್ಣ ತಂದರು. ಸರ್ವೆಯವರ ಜೊತೆ ಒಂದು ಸಲ ನಡೆದಿದ್ದರಲ್ಲ, ಯಾವ ಬಾಗಿಲಿಗೆ ಯಾವ ನಂಬರು ಎಂಬುದು ಅವರಿಗೆ ನೆನಪಿತ್ತು. ನಾನು ಹುಷಾರಿಲ್ಲವೆಂದು ಆಫೀಸಿಗೆ ರಜೆ ಹಾಕಿದ್ದೆ, ನಿಜವಾಗಿಯೂ ಹುಷಾರಿರಲಿಲ್ಲ. ನಾನು ಡಬ್ಬಿ ಹಿಡಿದೆ, ಅಕ್ಕ ಬರೆದರು. ಸರ್ಕಾರದ ನಂಬರನ್ನು ನಾವು ಬರೆಯುವುದು ಅಪರಾಧ ಎಂಬುದು ಇಬ್ಬರಿಗೂ ಗೊತ್ತಿತ್ತು. ಸಿಕ್ಕಿಬಿದ್ದರೆ ಅವರ ಕೊರಳಿನ ಬಿಲ್ಲೆ ಹೋಗುತ್ತದೆ, ಪೊಲೀಸ್ ಕೇಸೂ ಆಗಬಹುದು. ಅವರ ಕೈ ಎಷ್ಟು ನಡುಗುತ್ತಿತ್ತೆಂದರೆ ಪ್ರತಿ ಅಂಕಿಯೂ ಸೊಟ್ಟ. ನೂರಾ ಹದಿನಾಲ್ಕರ ನಾಲ್ಕು ಕುಡಿದವನ ಹಾಗೆ ವಾಲಿತ್ತು. ಬಣ್ಣ ಬೇಗ ಒಣಗಲೆಂದು ಹೆಂಗಸರೆಲ್ಲ ಮೊರ, ರಟ್ಟು, ಹಳೆಯ ಕ್ಯಾಲೆಂಡರ್ ಹಿಡಿದು ತಮ್ಮ ತಮ್ಮ ಬಾಗಿಲಿಗೆ ಗಾಳಿ ಬೀಸಿದರು. ಸಾಲಿನ ತುಂಬ ಮೊರದ ಸದ್ದು.

ಫೋಟೋದವರು ಮೂರು ಗಂಟೆಗೆ ಬಂದರು. ನನ್ನ ಬಾಗಿಲ ಹತ್ತಿರ ಅವರಲ್ಲೊಬ್ಬ ಕೈ ಇಟ್ಟು, ತನ್ನ ಬೆರಳು ನೋಡಿಕೊಂಡ. ಕೆಂಪಾಗಿತ್ತು. ಅಕ್ಕನ ಮುಖ ನೋಡಿದ. ಅಕ್ಕ ಸೆರಗನ್ನು ಬೆರಳಿಗೆ ಸುತ್ತುತ್ತಿದ್ದರು. ಅವನು ಕರ್ಚೀಫಿನಲ್ಲಿ ಕೈ ಒರೆಸಿಕೊಂಡು, ಫೋಟೋ ತೆಗೆದು ಮುಂದಿನ ಮನೆಗೆ ಹೋದ. ಅವನು ಏನಾದರೂ ಅಂದಿದ್ದರೆ ಒಳ್ಳೆಯದಿತ್ತು. ಏನೂ ಅನ್ನದೆ ಹೋದದ್ದರಿಂದ ನಾವು ವರ್ಷಗಟ್ಟಲೆ ಹೆದರಿದೆವು.

ಮುಂದೆ ಕೆಲವು ವರ್ಷಕ್ಕೆ ನಗರಪಾಲಿಕೆಯ ಚುನಾವಣೆ ಬಂತು. ನಮ್ಮ ವಾರ್ಡು ಮಹಿಳೆಯರಿಗೆ ಮೀಸಲಾಯಿತು. ಅಲ್ಲಿಯವರೆಗೆ ನಗರಸೇವಕ, ಅಂದರೆ ಕಾರ್ಪೊರೇಟರ್, ಆಗಿದ್ದವನು ತನ್ನ ಹೆಂಡತಿಯನ್ನು ನಿಲ್ಲಿಸಿದ. ನಮ್ಮ ಹೆಂಗಸರು ಅಕ್ಕನ ಬೆನ್ನು ಹತ್ತಿದರು. ಅಕ್ಕ ವಾರವಿಡೀ ಒಲ್ಲೆ ಎಂದರು. ಕೊನೆಗೆ ಮೆಹಬೂಬಿ, “ನೀ ನಿಲ್ಲಲಿಲ್ಲಂದ್ರ ಅವರ ಮನಿ ಬಾಗಲಾ ಕಾಯಾಕ ನಾವ ಹೋಗಬೇಕ. ನಮಗ ಅವರ ಅಂದ್ರ ಹೆದರಿಕಿ,” ಎಂದಳು. ಅದು ಅಕ್ಕನಿಗೆ ತಾಗಿತು. ನಾಮಪತ್ರ ಕೊಡುವ ದಿನ ಎರಡು ಸಲ ವಾಂತಿ ಮಾಡಿಕೊಂಡು ಹೋಗಿ ಕೊಟ್ಟು ಬಂದರು.

ಎರಡು ದಿನದ ಮೇಲೆ, ಬಿಳಿ ಶರ್ಟಿನ ಒಬ್ಬ ಮನುಷ್ಯ ನನ್ನ ಮನೆಗೆ ಬಂದ. ಬಹಳ ಮರ್ಯಾದೆಯವನು. ಚಪ್ಪಲಿ ಹೊರಗೆ ಬಿಟ್ಟ, ಹೆಂಡತಿ ಕೊಟ್ಟ ಚಹಾ ಪೂರ್ತಿ ಕುಡಿದ. ಈ ಸಾಲಿನ ಬಾಗಿಲುಗಳ ಬಣ್ಣ ಅವತ್ತು ಹಸಿಯಾಗಿತ್ತು ಎಂಬುದು ನಗರಸೇವಕ ಸಾಹೇಬರಿಗೆ ಗೊತ್ತಿದೆ, ದೀದಿ ನಾಮಪತ್ರ ವಾಪಸ್ ತೆಗೆದುಕೊಂಡರೆ ಸಾಹೇಬರು ಅದನ್ನು ಮರೆಯುತ್ತಾರೆ, ಇಲ್ಲವಾದರೆ ಇಡೀ ಸಾಲು ಪಟ್ಟಿಯಿಂದ ಹೋಗುತ್ತದೆ ಎಂದ. ಏಳುವಾಗ ಲೋಟವನ್ನು ಜೋಪಾನವಾಗಿ ಕೆಳಗಿಟ್ಟು, “ಬೇಟಿ ಸಾಂತಾಕ್ರೂಜ್ ಜಾತೀ ಹೈ ನಾ, ಹೋಟೆಲ್ ಮೇ? ಸುಬಹ್ ಬಸ್ ಮೇ ಬಹುತ್ ಭೀಡ್ ರಹತೀ ಹೈ. ಸಂಭಾಲ್ ಕೆ,” ಎಂದ. ಮಗಳು ಸಾಂತಾಕ್ರೂಜಿನ ಹೋಟೆಲಿಗೆ ಕೆಲಸಕ್ಕೆ ಹೋಗುವ ಬಸ್ಸಿನಲ್ಲಿ ಬೆಳಿಗ್ಗೆ ಬಹಳ ಗದ್ದಲ, ಜೋಪಾನ.

ಅವನು ಹೋದ ಮೇಲೆ ನಾನು ಎದ್ದು ಬಾಗಿಲಿಗೆ ಅಗಳಿ ಹಾಕಿದೆ. ಹೆಂಡತಿ, “ಅವರಿಗೆ ಹೇಳಿ, ವಾಪಸ್ ತಗೊಳ್ಳಲಿ. ನಮಗೆ ಇರೋದು ಒಬ್ಬಳೇ ಮಗಳು,” ಎಂದಳು. ನಾನು ಅಕ್ಕನ ಮನೆಗೆ ಹೋಗಿ ಅದನ್ನೇ ಹೇಳಿದೆ. ಮನೆಗಳ ವಿಷಯ ಮೊದಲು ಹೇಳಿದೆ, ಮಗಳ ವಿಷಯ ಆಮೇಲೆ. ಮನೆಗಳ ವಿಷಯಕ್ಕೆ ಅಕ್ಕ ತಲೆಯಾಡಿಸುತ್ತಿದ್ದರು. ಬಸ್ಸಿನ ಮಾತು ಬಂದಾಗ ಅವರ ತಲೆ ನಿಂತಿತು.

“ಹುಡಿಗಿ ಬಸ್ಸಿನ ಮಾತಾಡಿದ್ನ?” ಎಂದರು.

“ಹೌದಕ್ಕ. ವಾಪಸ್ ತಗೊಂಡುಬಿಡಿ. ಕೈಮುಗೀತೀನಿ.”

ಮರುದಿನ ಬೆಳಿಗ್ಗೆ ಮಗಳು ಹೊರಡುವ ಹೊತ್ತಿಗೆ ಅಕ್ಕ ಬಾಗಿಲಲ್ಲಿ ನಿಂತಿದ್ದರು. ಅವಳ ಜೊತೆ ಬಸ್ ಸ್ಟಾಪಿನವರೆಗೆ ಹೋಗಿ, ಕ್ಯೂನಲ್ಲಿ ನಿಂತು, ಹತ್ತಿಸಿ ಬಂದರು. ಚುನಾವಣೆ ಮುಗಿಯುವವರೆಗೂ ಒಂದು ದಿನ ತಪ್ಪಿಸಲಿಲ್ಲ. ಮಗಳಿಗೆ ನಾವು ಏನೂ ಹೇಳಿರಲಿಲ್ಲ. ಅವಳ ಕನ್ನಡ ಅಷ್ಟಕ್ಕಷ್ಟೇ. ಒಂದು ದಿನ, “ಅಪ್ಪ, ಆಂಟಿ ರೋಜ್ ಯಾಕೆ ಬರ್ತಾರೆ? ಅವರ ಹಾಥ್ ಎಷ್ಟು ಥಂಡಾ ಇರುತ್ತೆ ಗೊತ್ತಾ?” ಎಂದು ಕೇಳಿದಳು. ನನಗೆ ಗೊತ್ತಿತ್ತು.

ಮೂರನೇ ದಿನ ಅಕ್ಕ ನನ್ನನ್ನು ವಾರ್ಡ್ ಆಫೀಸಿಗೆ ಹೊರಡಿಸಿದರು. ನಾಮಪತ್ರ ವಾಪಸ್ ತೆಗೆಯಲು ಎಂದೇ ನಾನು ಹೋದೆ. ಅವರು ಮೆಟ್ಟಿಲು ಹತ್ತಿದ್ದು ಚುನಾವಣೆಯ ಕೋಣೆಗಲ್ಲ, ಸರ್ವೆಯ ಪಟ್ಟಿ ನೋಡಿಕೊಳ್ಳುವ ಸಾಹೇಬರ ಕೋಣೆಗೆ. ಪ್ಯೂನನ್ನು ಹಿಂದಿನ ಬಾಗಿಲು ಕೇಳಿದರು. ಒಳಗೆ ಹೋಗಿ ಕುರ್ಚಿಯ ತುದಿಯಲ್ಲಿ ಕೂತು, ಪಕ್ಕದ ಕುರ್ಚಿಯಲ್ಲಿ ನನ್ನನ್ನು ಕೂರಿಸಿ, ನನ್ನ ಮಣಿಕಟ್ಟು ಹಿಡಿದುಕೊಂಡು, ತಮ್ಮ ಹರಕುಮುರುಕು ಮರಾಠಿಯಲ್ಲಿ ಎಲ್ಲವನ್ನೂ ಹೇಳಿಬಿಟ್ಟರು. ನಂಬರು ಅಳಿಸಿದ್ದು ನಿಜ. ಮತ್ತೆ ಬರೆದದ್ದು ತಾನೇ. ಮನೆಗಳು ಸುಳ್ಳಲ್ಲ, ಮನುಷ್ಯರು ಸುಳ್ಳಲ್ಲ, ಬೇಕಾದರೆ ಮನೆಮನೆಗೆ ಬಂದು ಮತ್ತೆ ನೋಡಿ.

ಸಾಹೇಬರು ಪೆನ್ನು ಕೆಳಗಿಟ್ಟರು. “ಪುಸಾಯ್ಲಾ ಕೋಣಿ ಸಾಂಗಿತ್ಲಂ?” ಎಂದರು. ಅಳಿಸಲು ಹೇಳಿದವರು ಯಾರು?

ನಾನು ಹೇಳಬೇಕಾಗಿದ್ದ ಜಾಗ ಅದು. ಬಾಯಿ ತೆರೆದೆ ಕೂಡ. ನನ್ನ ಕಣ್ಣಿಗೆ ಹಳಿಯ ಪಕ್ಕದ ಬುಲ್ಡೋಜರ್ ಬಂತು, ಬಸ್ ಸ್ಟಾಪು ಬಂತು, ಪೊಲೀಸರು ಬಂದರು. ನನ್ನ ಮೊಣಕಾಲು ಮೇಜಿಗೆ ಬಡಿಯುತ್ತಿತ್ತು. ಅಕ್ಕ ನನ್ನ ಮಣಿಕಟ್ಟನ್ನು ಬಿಗಿಯಾಗಿ ಒತ್ತಿದರು.

“ಮೀಚ್,” ಎಂದರು. ನಾನೇ.

ಸಾಹೇಬರು ಅಕ್ಕನನ್ನು ನೋಡಲಿಲ್ಲ, ಬಹಳ ಹೊತ್ತು ನನ್ನನ್ನೇ ನೋಡಿದರು. ಆಮೇಲೆ ನೀರಿನ ಗ್ಲಾಸನ್ನು ನನ್ನ ಕಡೆ ತಳ್ಳಿ, ಇಡೀ ಸಾಲಿನ ಪರಿಶೀಲನೆ ಹೊಸದಾಗಿ ಆಗಲಿ ಎಂದು ಬರೆದರು.

ಮೆಟ್ಟಿಲಿಳಿಯುವಾಗ ಅಕ್ಕ, “ನಿಮ್ಮನ್ನ ನೋಡಿ ನಂಬಿದನ್ರಿ ಅವ,” ಎಂದರು. ನೋಡಿ ನಂಬುವಂಥ ಸೂಟು ಬೂಟೇನೂ ನನ್ನ ಮೈಮೇಲೆ ಇರಲಿಲ್ಲ. ಅವರ ಮಾತು ಅರ್ಥವಾಗಲಿಲ್ಲ.

ಪರಿಶೀಲನೆಗೆ ಐದು ತಿಂಗಳು ಹಿಡಿಯಿತು. ಆ ಐದು ತಿಂಗಳು ನಾವು ಹೇಗೆ ಮಲಗಿದೆವು, ಹೇಗೆ ಎದ್ದೆವು ಎಂದು ಹೇಳಲಾರೆ. ಕೊನೆಗೆ ಒಂದು ಮನೆಯೂ ಬಿಡದೆ ಎಲ್ಲ ಪಟ್ಟಿಯಲ್ಲಿ ಉಳಿದವು. ಅಕ್ಕನ ಕೊರಳಿನ ಬಿಲ್ಲೆ ಮಾತ್ರ ಹೋಯಿತು. ಚುನಾವಣೆಯಲ್ಲಿ ಸೋತರು ಕೂಡ. ಕಳ್ಳ ನಂಬರಿನ ದೀದಿ ಎಂದು ವಾರ್ಡಿನ ತುಂಬ ರಿಕ್ಷಾದಲ್ಲಿ ಮೈಕು ಕಟ್ಟಿ ಕೂಗಿಸಿದ್ದರು. ಫಲಿತಾಂಶದ ದಿನ ಅಕ್ಕ ಎಷ್ಟೋ ವಾರಗಳ ಮೇಲೆ ಹೊಟ್ಟೆ ತುಂಬ ಉಂಡರು. “ಗೆದ್ದಿದ್ರ ಹೆದರಿಕಿಗೆ ಸತ್ತ ಹೋಗ್ತಿದ್ನೇನೋ,” ಎಂದು ನಕ್ಕರು. ಗೆದ್ದವರ ಆಫೀಸಿಗೆ ಜನ ಹೋದರೆ, ಅಲ್ಲಿಯವರೇ ಮೆಲ್ಲಗೆ, ಇದು ನಮ್ಮ ಕೈಯಲ್ಲಿ ಆಗುವುದಿಲ್ಲ, ದೀದಿಯ ಹತ್ತಿರ ಹೋಗಿ ಎನ್ನುತ್ತಿದ್ದರು. ಬಿಲ್ಲೆಯಿಲ್ಲದೆ, ಕುರ್ಚಿಯಿಲ್ಲದೆ ಅಕ್ಕ ಇನ್ನಷ್ಟು ವರ್ಷ ಅದೇ ಬ್ಯಾಗು ಹೊತ್ತು ತಿರುಗಿದರು. ಬಿಲ್ಡಿಂಗ್ ಎದ್ದಿತು. ಚೀಟಿ ಎತ್ತಿದಾಗ ಅವರಿಗೆ ಬಂದದ್ದು ಒಂಬತ್ತನೇ ಮಹಡಿ. ಕೆಳಗಿನ ಮನೆಯವರು ಬದಲಿಸಿಕೊಳ್ಳೋಣ ಎಂದರೂ ಒಪ್ಪಲಿಲ್ಲ. ದಿನಾ ಮೆಟ್ಟಿಲು ಹತ್ತಿದರು. ಪ್ರತಿ ಮಹಡಿಯಲ್ಲಿ ನಿಂತು ಸುಧಾರಿಸಿಕೊಳ್ಳುವಾಗ ಅಲ್ಲಿಯ ಮನೆಯವರ ಸುಖದುಃಖ ಕೇಳುತ್ತಿದ್ದರು. ಕಳೆದ ತಿಂಗಳು ಮೂರು ದಿನದ ಜ್ವರದಲ್ಲಿ ಹೋದರು. ಆಸ್ಪತ್ರೆಯಲ್ಲಿ ನಾನು ಪಕ್ಕದಲ್ಲಿದ್ದೆ. ಹೇಳಬೇಕೆಂದು ಹೋಗಿದ್ದೆ, ಹೇಳಲಾಗಲಿಲ್ಲ.

ಶೋಕಸಭೆ ನಡೆದದ್ದು ಅದೇ ಬಿಲ್ಡಿಂಗಿನ ಕೆಳಗಿನ ಹಾಲಿನಲ್ಲಿ. ಮಾಸ್ತರ್ ಎರಡು ಮಾತಾಡಲಿ ಎಂದರು. ಬರೆದುಕೊಂಡು ಹೋದ ಹಾಳೆ ಜೇಬಿನಲ್ಲೇ ಇತ್ತು. ಮೈಕಿನ ಮುಂದೆ ಹೋಗಿ ನಿಂತೆ. ಎದುರಿಗೆ ನಮ್ಮ ಹಳೆಯ ಸಾಲು ಇಡಿಯಾಗಿ ಕೂತಿತ್ತು. ಇವರ ಮನೆಗಳನ್ನೆಲ್ಲ ನಾನು ಒಂದು ಭಾನುವಾರ ಸೀಮೆಎಣ್ಣೆ ಬಟ್ಟೆಯಲ್ಲಿ ಅಳಿಸಿಬಿಟ್ಟಿದ್ದೆ. ಇಂದು ಹೇಳಿದರೆ ಇವರು ನನ್ನ ಮುಖ ನೋಡುವುದಿಲ್ಲ, ಈ ವಯಸ್ಸಿನಲ್ಲಿ ಇಲ್ಲಿ ನಾನು ಒಂಟಿಯಾಗುತ್ತೇನೆ ಎಂಬ ಭಯವಾಯಿತು. ಆದರೂ ಆ ಬ್ಯಾನರಿನ ಕೆಳಗೆ ನಿಂತು ಸುಮ್ಮನಿರಲಾಗಲಿಲ್ಲ.

“ಅವತ್ತು ನಂಬರ್ ಅಳಿಸಿ ಅಂದಿದ್ದು ಅಕ್ಕ ಅಲ್ಲ,” ಎಂದೆ. “ಅಕ್ಕ ಊರಲ್ಲೇ ಇರಲಿಲ್ಲ. ಅಂದವನು ನಾನು. ಅವರ ಕೆಲಸ ಹೋಗಿದ್ದು, ಅವರು ಸೋತಿದ್ದು, ನನ್ನಿಂದ. ನಾನು ಹೆದರಿ ಸುಮ್ಮನಿದ್ದೆ.”

ಮೊದಲ ಸಾಲಿನಲ್ಲಿದ್ದ ಮೆಹಬೂಬಿ ಕೂತಲ್ಲಿಂದಲೇ ಹೇಳಿದಳು, “ಗೊತ್ತೈತಿ ಮಾಸ್ತರ್ರ. ಕುಂದರ್ರಿ.”

ನನಗೆ ತಿಳಿಯಲಿಲ್ಲ. “ಏನು ಗೊತ್ತು?”

“ನೀವು ಹೇಳಿದ್ದು. ನಮಗ ಹೇಳಿದ್ದ ನಮಗ ಗೊತ್ತಿರೂದಿಲ್ಲೇನ್ರಿ? ಅಕ್ಕಗೂ ಗೊತ್ತಿತ್ತು. ಅವತ್ತ ರಿಕ್ಷಾ ಇಳದಕೂಡ್ಲೆ ನಾನ ಹೇಳಿದ್ದೆ.”

“ಮತ್ತೆ ಯಾರೂ ಯಾಕೆ...”

“ಅಕ್ಕ ಆಣಿ ಹಾಕಿದ್ದಳು. ಮಾಸ್ತರ್ರ ಹೆಸರ ಯಾರೂ ಎತ್ತಬ್ಯಾಡ್ರಿ, ನಮ್ಮ ಸಾಲಿನಾಗ ಅವರಷ್ಟ ಹೆದರೂ ಮನಶ್ಯಾ ಇನ್ನೊಬ್ಬ ಇಲ್ಲ, ಗೊತ್ತಾದ್ರ ಮನಿ ಬಿಟ್ಟ ಓಡಿ ಹೋಗ್ತಾರ. ಅವರು ಹೋದ್ರ ಸಾಹೇಬನ ಮುಂದ ನಾ ಯಾರನ್ನ ಕುಂದರಸ್ಲಿ, ಯಾರ ಕೈ ಹಿಡೀಲಿ ಅಂದ್ಲು.”

ಹಿಂದಿನಿಂದ ಯಾರೋ ಹೆಂಗಸರು ಹೌದೆನ್ನುವಂತೆ ಗೊಣಗಿದರು. ಹೆಂಡತಿಯ ಕಡೆ ನೋಡಿದೆ. ಅವಳು ಕಣ್ಣೊರೆಸಿಕೊಳ್ಳುತ್ತಿದ್ದಳು. ಅವಳಿಗೂ ಗೊತ್ತಿತ್ತು. ಇಡೀ ಸಾಲು ಇಷ್ಟು ವರ್ಷ ನನ್ನ ಹೆದರಿಕೆಯನ್ನು ಕಾದುಕೊಂಡು ಬಂದಿತ್ತು. ಆ ಕುರ್ಚಿ ನನ್ನ ಪೆನ್ನಿಗೆ ಸಿಕ್ಕಿದ್ದು ಎಂದು ನಾನೊಬ್ಬನೇ ತಿಳಿದಿದ್ದೆ. ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ, ಅಕ್ಕ ಇಲ್ಲ ಎನ್ನುವುದು ನನಗೆ ಆಗ, ಆ ಮೈಕಿನ ಮುಂದೆ, ಮೊದಲ ಸಲ ಪೂರ್ತಿ ತಿಳಿಯಿತು. ಎಲ್ಲರ ಎದುರಿಗೆ ಅತ್ತುಬಿಟ್ಟೆ.

ಸಭೆ ಮುಗಿದು ಕುರ್ಚಿಗಳನ್ನು ಮಡಚುವಾಗ ಮೆಹಬೂಬಿ ಹತ್ತಿರ ಬಂದಳು. ನಾಲಾದ ಆಚೆ ದಂಡೆಯ ಬಸ್ತಿಯಲ್ಲಿ ಈ ವಾರ ಬಾಗಿಲುಗಳ ಮೇಲೆ ಕೆಂಪು ನಂಬರು ಬಂದಿವೆಯಂತೆ. ಅರ್ಧ ಜನ ಆಗಲೇ ಅಳಿಸಿದ್ದಾರಂತೆ. ಅಲ್ಲಿಯ ಹೆಂಗಸರು ಅಕ್ಕನನ್ನು ಹುಡುಕಿಕೊಂಡು ಬಂದಿದ್ದರಂತೆ.

“ನಾಳೆ ಹತ್ತು ಗಂಟೇಕ ವಾರ್ಡ್ ಆಫೀಸಿಗೆ ಹೋಗೂಣು,” ಎಂದಳು. “ಮುಂದ ನೀವ ಕುಂದ್ರಬೇಕು.”

“ನನಗೆ ಹೆದರಿಕೆ ಆಗುತ್ತೆ, ಮೆಹಬೂಬಿ.”

“ಅದಕ್ಕ ಕರ್ಯಾಕತ್ತೀನ್ರಿ,” ಎಂದಳು.

ಮರುದಿನ ಹೊರಡುವ ಮೊದಲು ಮೂರು ಸಲ ಸಂಡಾಸಿಗೆ ಹೋಗಿ ಬಂದೆ. ವಾರ್ಡ್ ಆಫೀಸಿನ ಮೆಟ್ಟಿಲು ಹತ್ತಿದೆವು, ಲಿಫ್ಟ್ ಇದ್ದರೂ ಯಾರಿಗೂ ಅದರ ನೆನಪಾಗಲಿಲ್ಲ. ನಾಲಾ ಆಚೆಯ ಒಬ್ಬ ಹುಡುಗಿ, ಬಸುರಿ, ಬೆಳಗಿನಿಂದ ಅಳುತ್ತಿದ್ದವಳು, ನನ್ನ ಹಿಂದೆಯೇ ಬರುತ್ತಿದ್ದಳು. ಪ್ಯೂನನ್ನು ಕೇಳಿ ಹಿಂದಿನ ಬಾಗಿಲು ಎಲ್ಲಿದೆ ಎಂದು ತಿಳಿದುಕೊಂಡೆ. ಆಮೇಲೆ ಒಳಗೆ ಹೋಗಿ ಒಂದು ಕುರ್ಚಿಯಲ್ಲಿ ಅವಳನ್ನು ಕೂರಿಸಿ, ಇನ್ನೊಂದರ ತುದಿಯಲ್ಲಿ ಕೂತು, ಅವಳ ಕೈ ಹಿಡಿದುಕೊಂಡೆ.